ಬೀಗರೂಟಕ್ಕೆ ನಾಲ್ಕೂರ ಸಂತೆ

ಸಂತೆಗೆ ಹೋದವರು ಸಾಮಾನು ತರುತ್ತಾರೆ, ನೀವು ಹೋದರೆ ಸಾಮಾನಿನ ಜೊತೆಗೆ ಏನಾದರೊಂದು ಪ್ರಸಂಗವೂ ಬರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಿರುತ್ತಾಳೆ. ಇಂಥ ಮಾತುಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಈಚೆಗೆ ಒಂದೇ ವಾರದಲ್ಲಿ ನಾಲ್ಕು ಊರುಗಳಲ್ಲೂ ಹಾಗೇ ಆದ ಮೇಲೆ ವಾದ ಮಾಡುವುದನ್ನು ಬಿಟ್ಟಿದ್ದೇನೆ.

ನಾನು ಧಾರವಾಡದವನು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಬೇಯುವುದಿಲ್ಲ. ಹೆಂಡತಿ ರಾಮನಗರದವಳು, ವಿಶ್ವವಿದ್ಯಾಲಯದಲ್ಲಿ ನನ್ನ ಜೊತೆ ಓದಿದವಳು. ಸಂಕ್ರಾಂತಿ ಕಳೆದ ಮೇಲೆ ಅವಳ ಅಕ್ಕ, ಅಂದರೆ ನಮ್ಮ ಅತ್ತಿಗೆ, ರಾಮನಗರದಲ್ಲಿ ಮಗಳ ಮದುವೆ ಮಾಡಿದರು. ತಾಳಿ ಕಟ್ಟಿದ್ದಾಯಿತು, ಇನ್ನು ಹೊರಡಬಹುದು ಎಂದು ನಾನು ರೈಲಿನ ವೇಳೆ ನೋಡುತ್ತಿದ್ದೆ. ಹೆಂಡತಿ ಫೋನು ಕಿತ್ತಿಟ್ಟಳು. ಈ ಕಡೆ ಮದುವೆ ಎಂಬುದು ಬರೀ ಪೀಠಿಕೆಯಂತೆ. ಅಸಲಿ ಪರೀಕ್ಷೆ ಬೀಗರೂಟ. ಹೆಣ್ಣಿನ ಮನೆಯವರು ಗಂಡಿನ ಮನೆಯವರನ್ನು ಕರೆದು ಕೋಳಿಸಾರು, ಮುದ್ದೆ, ಶಾವಿಗೆ ಎಲ್ಲ ಬಡಿಸಬೇಕು. ಗಂಡಿನ ಮನೆಯವರು ಬಂದು, ಉಂಡು, ತಪ್ಪು ಹುಡುಕಬೇಕು. ತಂತಮ್ಮ ಕೆಲಸವನ್ನು ಎರಡೂ ಕಡೆಯವರು ಶ್ರದ್ಧೆಯಿಂದ ಮಾಡುತ್ತಾರೆ.

ಈ ಬೀಗರಲ್ಲಿ ಗಂಡಿನ ಅಜ್ಜಿ ಒಬ್ಬರಿದ್ದರು. ಬೈರಮಂಗಲದ ಕಡೆಯವರು. ಯಾರ ಮನೆಯ ಊಟವನ್ನೂ ಚೆನ್ನಾಗಿದೆ ಎಂದು ಹೇಳಿದ ದಾಖಲೆ ಇಲ್ಲ. ನಿಶ್ಚಿತಾರ್ಥದ ದಿನ ಅತ್ತಿಗೆ ಮಾಡಿದ ಸಾರಿಗೆ ಬೆರಳದ್ದಿ ನೆಕ್ಕಿ, "ಅವರೆಕಾಯಿ ಐತೆ, ಸೊಗಡಿಲ್ಲ" ಎಂದು ಎಲೆ ಮಡಿಸಿದ್ದರಂತೆ. ಅತ್ತಿಗೆಗೆ ಅದು ಮುಳ್ಳಿನ ಹಾಗೆ ಕೂತಿತ್ತು.

"ಒಂದೇ ಒಂದ್ಸಲ ಆ ಅವ್ವನ ಬಾಯಲ್ಲಿ ಚೆನ್ನಾಗೈತೆ ಅನ್ನಿಸಬೇಕು" ಎಂದರು ಅತ್ತಿಗೆ. "ಇಲ್ದಿದ್ರೆ ನನ್ನ ಮಗಳು ಆ ಮನೇಲಿ ಸಾಯೋಗಂಟ ಸೊಗಡಿಲ್ದೋರ ಮನೆ ಹೆಣ್ಣು ಅನ್ನಿಸ್ಕತಾಳೆ."

ಇದು ಅತಿಶಯೋಕ್ತಿ ಎಂದು ನಾನು ಹೇಳಲು ಹೊರಟೆ. ಮನೆಯವರೆಲ್ಲರ ಮುಖ ನೋಡಿ ಕಾಫಿ ಲೋಟ ಎತ್ತಿಕೊಂಡೆ.

ನನ್ನ ಷಡ್ಡಕ, ಅಂದರೆ ಅತ್ತಿಗೆಯ ಗಂಡ, ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವರು. ರಜೆ ಹಾಕಿ, ಯುದ್ಧಕ್ಕೆ ಹೊರಟವರ ಹಾಗೆ ತೀರ್ಮಾನ ಕೊಟ್ಟರು. ಕೋಳಿಸಾರಿಗೆ ಹಾಕುವ ಅವರೆಕಾಯಿ ಮಾಗಡಿಯದೇ ಆಗಬೇಕು. ಕೋಳಿ ಕನಕಪುರದ್ದು. ಬೆಲ್ಲ, ತೆಂಗಿನಕಾಯಿ ಚನ್ನಪಟ್ಟಣದ್ದು. ಹಿಟ್ಟು ಮಾತ್ರ ರಾಮನಗರದ ಮಿಲ್ಲಿನಲ್ಲಿ ಕಣ್ಣೆದುರಿಗೇ ಬೀಸಿದ್ದು. ಚೀಲ ಹಿಡಿಯಲು ಒಬ್ಬರು ಬೇಕಿತ್ತು. ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದವನು ನಾನೊಬ್ಬನೇ.

ಮಾಗಡಿ: ಮೂಸುವ ಪರೀಕ್ಷೆ

ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ, ನಾವು ಮಾಗಡಿಯ ಸಂತೆಯಲ್ಲಿದ್ದೆವು. ನಾನು ಮಾರುಕಟ್ಟೆಗಳ ಬಗ್ಗೆ ಪಾಠ ಮಾಡುತ್ತೇನೆಯೇ ಹೊರತು ಹೋಗುವುದು ಕಡಿಮೆ. ಎಲ್ಲಿ ನೋಡಿದರೂ ಅವರೆಕಾಯಿ. ಗೋಣಿಚೀಲದಲ್ಲಿ, ನೆಲದ ಮೇಲೆ, ಆಟೋ ಹಿಂದುಗಡೆ, ಒಬ್ಬ ಮುದುಕನ ಪಂಚೆಯ ಮಡಿಲಲ್ಲಿ. ಗಾಳಿಗೇ ಒಂದು ಹಸಿ ಎಣ್ಣೆಯ ವಾಸನೆ ಹತ್ತಿತ್ತು. ಇದಕ್ಕೇನು ಇಷ್ಟೊಂದು ಸಡಗರ ಎಂದುಕೊಂಡೆ. ಆದರೂ ಕಾರಿನಿಂದ ಮೊದಲು ಇಳಿದವನು ನಾನೇ.

ಷಡ್ಡಕರು ಒಂದೊಂದು ರಾಶಿಗೂ ಮೊಣಕೈವರೆಗೆ ಕೈ ಹಾಕುತ್ತಾರೆ, ಕಲಸುತ್ತಾರೆ, ಬೆರಳು ಮೂಸುತ್ತಾರೆ, ತಲೆಯಾಡಿಸಿ ಮುಂದೆ ಹೋಗುತ್ತಾರೆ. ಎಲ್ಲರೂ ಅದನ್ನೇ ಮಾಡುತ್ತಿದ್ದರು. ಸಂತೆಗೆ ಸಂತೆಯೇ ತನ್ನ ಬೆರಳು ತಾನು ಮೂಸಿಕೊಂಡು ಓಡಾಡುತ್ತಿತ್ತು. ಒಂದು ರಾಶಿಯ ಮುಂದೆ ಕೂತಿದ್ದ ಹೆಂಗಸಿಗೆ ಸಾಕಾಯಿತು. ಕಾಯಿ ಕೊಳ್ಳೋಕೆ ಬಂದಿದ್ದೀರೋ ಮೂಸೋಕೆ ಬಂದಿದ್ದೀರೋ ಎಂದು ಕೇಳಿದಳು.

ನಾನು ಸುಮ್ಮನಿರಬಹುದಿತ್ತು. ಷಡ್ಡಕರಿಗೆ ವಿವರಿಸಿದೆ: ಮೊದಲ ರಾಶಿಗೆ ಕೈ ಹಾಕಿದಾಗಲೇ ವಾಸನೆ ಕೈಗೆ ಹತ್ತಿಹೋಯಿತು, ಆಮೇಲೆ ಮೂಸುವುದೆಲ್ಲ ಆ ಮೊದಲ ರಾಶಿಯನ್ನೇ. ಇದು ಪರೀಕ್ಷೆಯಲ್ಲ, ನಂಬಿಕೆ. ಬೇಕಾದರೆ ಕಣ್ಣು ಕಟ್ಟಿಕೊಳ್ಳಿ, ಬೇರೆ ಬೇರೆ ರಾಶಿಯ ಕಾಯಿ ನಾನು ಹಿಡಿಯುತ್ತೇನೆ, ಯಾವುದು ಸೊಗಡಿನದು ಹೇಳಿ ನೋಡೋಣ.

ಷಡ್ಡಕರು ಸವಾಲು ಬಿಡುವವರಲ್ಲ. ಹೆಗಲ ಮೇಲಿನ ಟವೆಲು ತೆಗೆದು ಕಣ್ಣಿಗೆ ಕಟ್ಟಿಕೊಂಡು ಸಂತೆಯ ನಡುವೆ ನಿಂತರು. ಜನ ಸೇರಿದರು. ಯಾರೋ, ಏನಾಯ್ತು, ಕಣ್ಣಾಪರೇಸನ್ನಾ ಎಂದು ವಿಚಾರಿಸಿದರು. ನಾನು ಮೊದಲ ರಾಶಿಯ ಕಾಯಿ ಹಿಡಿದೆ. ಮೂಗು ಅಲ್ಲಾಡಲಿಲ್ಲ. ಎರಡನೆಯದಕ್ಕೆ, ಒಸಿ ಐತೆ ಎಂದರು. ಮೂರನೆಯದು ಹಿಡಿಯುವ ಹೊತ್ತಿಗೆ ಹಿಂದಿನಿಂದ ಯಾರೋ ತಳ್ಳಿದರು, ಕಾಯಿ ಕೈ ಜಾರಿ ಬಿತ್ತು. ನಾನು ಬಗ್ಗುವ ಮೊದಲೇ ಷಡ್ಡಕರು ತಡಕಾಡಿ ನನ್ನ ಖಾಲಿ ಕೈ ಹಿಡಿದುಕೊಂಡರು. ಮೂಗಿಗೆ ಒತ್ತಿಕೊಂಡರು. ಉಸಿರನ್ನು ಹೊಟ್ಟೆತನಕ ಎಳೆದರು.

"ಇದು" ಎಂದರು, ಗದ್ಗದಿತರಾಗಿ. "ಇದು ಕಣ್ರೀ ಸೊಗಡು ಅಂದ್ರೆ. ಇನ್ನೇನೂ ನೋಡೋದ್ ಬ್ಯಾಡ. ಇದನ್ನೇ ಹಾಕ್ಬುಡವ್ವ."

ಟವೆಲು ಬಿಚ್ಚಿ ನೋಡಿದರು. ಕೈಯಲ್ಲಿ ಏನೂ ಇರಲಿಲ್ಲ, ನಾನಿದ್ದೆ.

ಹೆಂಗಸು ತಕ್ಕಡಿ ಎತ್ತಿಕೊಂಡು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಈ ಸಾಹೇಬ್ರನ್ನ ತೂಕಕ್ಕೆ ಹಾಕ್ಲಾ ಅಣ್ಣ, ಇಲ್ಲಾ ಹಂಗೇ ಅಂದಾಜಲ್ಲಿ ಕೊಟ್ಬುಡ್ಲಾ?"

ಕೊನೆಗೆ ಕಾಯಿ ಕೊಂಡಿದ್ದು ಅವಳ ಹತ್ತಿರವೇ. ವಾಪಸು ಬರುವಾಗ ಷಡ್ಡಕರು ರಸ್ತೆ ನೋಡುತ್ತಿದ್ದಾಗ ನಾನು ಗುಟ್ಟಾಗಿ ನನ್ನ ಕೈ ಮೂಸಿ ನೋಡಿಕೊಂಡೆ. ಒಪ್ಪಿಕೊಳ್ಳಬೇಕು, ಚೆನ್ನಾಗಿತ್ತು.

ಕನಕಪುರ: ಮಾರಾಟಕ್ಕಿಲ್ಲದ ಕೋಳಿ

ಕನಕಪುರದ ಸಂತೆಗೆ ಹೋಗುವ ದಾರಿಯುದ್ದಕ್ಕೂ ಷಡ್ಡಕರು ನಾಟಿ ಕೋಳಿಯ ಲಕ್ಷಣ ಹೇಳಿದರು. ಫಾರಂ ಕೋಳಿಗೆ ಬಣ್ಣ ಹಚ್ಚಿ ನಾಟಿ ಎಂದು ಮಾರುವವರಿದ್ದಾರಂತೆ. ಅಜ್ಜಿ ಒಂದು ತುಣುಕು ಬಾಯಿಗಿಟ್ಟರೆ ಕೋಳಿ ಹಿತ್ತಲಲ್ಲಿ ಬೆಳೆಯಿತೋ ಶೆಡ್ಡಿನಲ್ಲಿ ಬೆಳೆಯಿತೋ ಹೇಳುತ್ತಾರಂತೆ. ನಾನು ಕಿಟಕಿಯಾಚೆ ನೋಡುತ್ತ ಹ್ಞೂಂಗುಟ್ಟಿದೆ. ನನಗೆ ಈ ವಿದ್ಯೆ ಯಾವ ಕಾಲಕ್ಕೂ ಬೇಕಾಗುವುದಿಲ್ಲ.

ಷಡ್ಡಕರು ಹುಂಜಗಳನ್ನು ಕಾಲು ಹಿಡಿದು ತಲೆಕೆಳಗೆ ಎತ್ತಿದರು, ಎದೆಮೂಳೆ ಒತ್ತಿದರು, ಪುಕ್ಕಕ್ಕೆ ಊದಿ ಚರ್ಮ ನೋಡಿದರು. ಆರಿಸಿದ ಹುಂಜಗಳ ಕಾಲು ಕಟ್ಟಿಸಿ, ಹಗ್ಗದ ತುದಿ ನನ್ನ ಕೈಗೆ ಕೊಟ್ಟು, ಇಲ್ಲೇ ಇರಿ ಮೇಷ್ಟ್ರೇ, ಕೊತ್ತಂಬರಿ ತಂದ್ಬುಡ್ತೀನಿ ಎಂದು ಜನರ ನಡುವೆ ಮಾಯವಾದರು.

ಕೋಳಿ ಸಂತೆಯಲ್ಲಿ ಕೋಳಿ ಹಿಡಿದು ನಿಂತವನು ಯಾರು? ಮಾರುವವನು. ಇದರಲ್ಲಿ ಬೇರೆ ವ್ಯಾಖ್ಯಾನಕ್ಕೆ ಅವಕಾಶವಿಲ್ಲ. ಮೊದಲು ಬಂದವರು ಏನ್ ಹೇಳ್ತೀರಿ ಎಂದು ಕೇಳಿದರು. ಮಾರಾಟಕ್ಕಿಲ್ಲ ಎಂದೆ. ಅವರು ಮೆಚ್ಚುಗೆಯಿಂದ ಪಕ್ಕದವನ ಕಡೆ ತಿರುಗಿ, ಒಳ್ಳೇ ಗಟ್ಟಿ ವ್ಯಾಪಾರಸ್ಥ ಎಂದರು. ಅಷ್ಟಕ್ಕೇ ಸುತ್ತ ನಾಲ್ಕು ಜನ ಜಮಾಯಿಸಿದರು. ಮಾರಾಟಕ್ಕಿಲ್ಲದ ಮಾಲಿಗೆ ಬೇಡಿಕೆ ಹೇಗೆ ಏರುತ್ತದೆ ಎಂದು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕಣ್ಣಾರೆ ನೋಡಿದ್ದು ಅವತ್ತೇ.

ಆಗ ಒಬ್ಬ ಯಜಮಾನರು ಮುಂದೆ ಬಂದರು. ಬಿಳಿ ಮೀಸೆ, ಕೈಯಲ್ಲಿ ಕೊಡೆ. ನನ್ನನ್ನು ಕೇಳದೆಯೇ ಒಂದು ಹುಂಜ ಎತ್ತಿ, ಊದಿ, ಕೆಳಗಿಟ್ಟು, "ನಾಟಿ ಅಲ್ಲ ಇದು. ಫಾರಂದು" ಎಂದು ಜನಕ್ಕೆ ತೀರ್ಪು ಕೊಟ್ಟರು.

ನನಗೇನಾಯಿತೋ ಗೊತ್ತಿಲ್ಲ. ಕೋಳಿ ನನ್ನದಲ್ಲ. ನಾನು ತಿನ್ನುವುದೂ ಇಲ್ಲ. ಆದರೆ ಅತ್ತಿಗೆಯ ಮುಖ ಕಣ್ಣ ಮುಂದೆ ಬಂತು, ಬೆರಳದ್ದಿ ನೆಕ್ಕುವ ಅಜ್ಜಿಯ ಮುಖ ಬಂತು, ರಕ್ತ ತಲೆಗೇರಿತು. ಸಿಟ್ಟು ಬಂದರೆ ನನ್ನ ಬಾಯಿ ಧಾರವಾಡಕ್ಕೆ ಹೋಗಿಬಿಡುತ್ತದೆ.

"ಏನ್ರೀ ಯಜಮಾನ್ರ, ಇದು ನಾಟಿ ಅಲ್ಲಂದ್ರ ಮತ್ಯಾವದು ನಾಟಿ? ಕಾಲ ನೋಡ್ರಿ ಇದರದು. ಮಣ್ಣ ಕೆದರಿದ ಕಾಲೋ ಏನು ಶೆಡ್ಡಿನ್ಯಾಗ ಕುಂತ ಕಾಲೋ? ಎದಿಮೂಳಿ ಮುಟ್ರಿ. ಮುಟ್ರಿ ಅಂದ್ನಿ. ಪುಕ್ಕ ತಿಕ್ಕಿ ನೋಡ್ರಿ, ಕೈಗೆ ಬಣ್ಣ ಹತ್ತೇತೇನು?"

ಹುಂಜವನ್ನು ತಲೆಕೆಳಗೆ ಎತ್ತಿ ಹಿಡಿದಿದ್ದೆ. ಯಾವಾಗ ಎತ್ತಿದೆನೋ ನೆನಪಿಲ್ಲ. ಪುಕ್ಕಕ್ಕೆ ಊದಿ ಚರ್ಮ ಕೂಡ ತೋರಿಸಿದೆನಂತೆ. ಇಂಥ ಕೋಳಿ ರಾತ್ರಿ ಮರದ ಮೇಲೆ ಮಲಗುತ್ತದೆ, ಓಡಿ ಓಡಿ ಮೈ ಗಟ್ಟಿಯಾಗಿರುತ್ತದೆ, ಸಾರು ಕುದಿದಷ್ಟೂ ರುಚಿ ಬಿಡುತ್ತದೆ ಎಂದೆಲ್ಲ ಹೇಳಿದೆ. ಯಜಮಾನರು ಪುಕ್ಕ ತಿಕ್ಕಿ, ಕೈ ನೋಡಿಕೊಂಡು, ಆಗ್ಲಿ ಬುಡಿ, ಎಲ್ಲಾನೂ ನಾನೇ ತಕ್ಕತೀನಿ ಎಂದರು. ಹಿಂದಿನಿಂದ ಇನ್ನೊಬ್ಬ, ನಾನು ಮೊದಲು ಕೇಳಿದ್ದು ಎಂದು ಜಗಳಕ್ಕೆ ನಿಂತ.

ಷಡ್ಡಕರು ಕೊತ್ತಂಬರಿ ಕಂತೆ ಕಂಕುಳಲ್ಲಿಟ್ಟುಕೊಂಡು ಜನರ ಹಿಂದೆ ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ಕಾರಿನ ಕಡೆ ನಡೆಸಿಕೊಂಡು ಹೋದರು. ಕಾರು ಹತ್ತಿದ ಮೇಲೆ ನಿಧಾನವಾಗಿ ಹೇಳಿದರು:

"ಕಾಲೇಜಲ್ಲೂ ಹಿಂಗೇ ಪಾಠ ಮಾಡಿದ್ರೆ ಒಂದ್ ಹುಡುಗ್ನೂ ಕ್ಲಾಸ್ ಬುಟ್ಟು ಹೋಗಕ್ಕಿಲ್ಲ ಮೇಷ್ಟ್ರೇ."

ಚನ್ನಪಟ್ಟಣ: ಹೆಸರು ಹೇಳಬಾರದ ಬೆಲ್ಲ

ಕೋಳಿಸಾರಿನ ಊಟಕ್ಕೆ ಇಲ್ಲಿ ಒತ್ತು ಶಾವಿಗೆ ಮಾಡುತ್ತಾರೆ. ಶಾವಿಗೆಗೆ ಬೆಲ್ಲ ಹಾಕಿದ ಕಾಯಿಹಾಲು. ಅದಕ್ಕಾಗಿ ಚನ್ನಪಟ್ಟಣದ ಪೇಟೆ.

ಈ ಪೇಟೆಯಲ್ಲಿ ಬೆಲ್ಲ ಕೊಳ್ಳುವ ಮೊದಲು ಎರಡು ಕೆಲಸ ಆಗಬೇಕು. ಅಂಗಡಿಯವನು ಬೆಲ್ಲದ ಚೂರು ಕೊಡುತ್ತಾನೆ, ತಿನ್ನಬೇಕು. ಆಮೇಲೆ ಯಾವೂರಾಯ್ತು ಎಂದು ಕೇಳುತ್ತಾನೆ, ಹೇಳಬೇಕು. ಊರು ಹೇಳಿದರೆ ಆ ಊರಿನಲ್ಲಿ ತನಗೆ ಯಾರು ಗೊತ್ತು, ಅವರಿಗೆ ನೀವೇನಾಗಬೇಕು ಎಂದು ಎಳೆ ಹಿಡಿದು ಹೋಗುತ್ತಾನೆ. ನಂಟು ಸಿಗುವವರೆಗೆ ಬಿಡುವುದಿಲ್ಲ. ಸಿಕ್ಕಿತೋ, ನೀವು ಬೇರೆ ಅಂಗಡಿಗೆ ಹೋಗುವ ಹಾಗಿಲ್ಲ. ಷಡ್ಡಕರಿಗೆ ಇದು ಗೊತ್ತಿದ್ದದ್ದರಿಂದ ಮೊದಲ ಅಂಗಡಿಗಳಲ್ಲೆಲ್ಲ ತಾವು ಧಾರವಾಡದವರೆಂದು ಹೇಳಿಕೊಂಡು ತಪ್ಪಿಸಿಕೊಂಡರು. ಅವರ ಬಾಯಿಂದ ಎರಡು ಮಾತು ಬಂದರೆ ಯಾರೂ ನಂಬುವುದಿಲ್ಲವೆಂದು ಮಾತೆಲ್ಲ ನನ್ನಿಂದ ಆಡಿಸಿದರು. ನಾನು ಅಷ್ಟೊಂದು ಬೆಲ್ಲ ಹಿಂದೆಂದೂ ಒಂದೇ ಬೆಳಿಗ್ಗೆ ತಿಂದಿರಲಿಲ್ಲ. ಮೈಯೆಲ್ಲ ಹುರುಪು.

ಒಂದು ಮೂಲೆಯ ಅಂಗಡಿಯಲ್ಲಿ ಸಿಕ್ಕಿತು. ಬಾಯಿಗೆ ಹಾಕಿದೊಡನೆ ಕರಗುವ, ಉಪ್ಪಿನ ಸೋಂಕಿಲ್ಲದ, ಕಬ್ಬಿನ ಗದ್ದೆಯನ್ನೇ ನೆನಪಿಸುವ ಬೆಲ್ಲ. ಷಡ್ಡಕರು ಧಾರವಾಡವನ್ನು ಮರೆತುಬಿಟ್ಟರು. ರಾಮನಗರ ಎಂದರು. ಮಗಳ ಮದುವೆ ಎಂದರು. ಭಾನುವಾರ ಬೀಗರೂಟ ಎಂದರು. ಅಂಗಡಿಯವನು ಖುಷಿಯಿಂದ ಎಳೆ ಹಿಡಿದ. ಬೀಗರು ಯಾವ ಕಡೆಯೋರು? ಬೈರಮಂಗಲದ ಕಡೆ. ಬೈರಮಂಗಲದಲ್ಲಿ ಯಾರ ಮನೆ? ಷಡ್ಡಕರು ಹೇಳಿದರು.

ಅಂಗಡಿಯವನ ಕೈಯಲ್ಲಿದ್ದ ಬೆಲ್ಲದ ಅಚ್ಚು ಹಾಗೇ ನಿಂತಿತು. ಮುಖದ ಖುಷಿ ಇಳಿಯಿತು.

"ಆ ಮನೇಲಿ ಅಜ್ಜಿ ಒಬ್ರವ್ರಲ್ಲಾ" ಎಂದ, ದನಿ ತಗ್ಗಿಸಿ. "ನಮ್ಮ ಸೋದರತ್ತೆ."

ತನ್ನ ಮದುವೆಯ ಪಾಯಸದ ಬಗ್ಗೆ ಅವರು ಹೇಳಿದ ಮಾತು ಇವತ್ತಿಗೂ ತನ್ನ ಹೆಂಡತಿಯ ತವರಿನಲ್ಲಿ ನೆನೆಸಿಕೊಳ್ಳುತ್ತಾರೆ ಎಂದ. ಏನು ಮಾತು ಎಂದು ನಾನು ಕೇಳಿದೆ. ಬೇಡವೆಂದು ಅವನು ತಲೆಯಾಡಿಸಿದ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು.

ಬೆಲ್ಲ ಕೊಡಲ್ಲ ಎನ್ನುತ್ತಾನೇನೋ ಎಂದು ಷಡ್ಡಕರು ಹೆದರಿದರು. ಹಾಗೇನೂ ಆಗಲಿಲ್ಲ. ಒಳಗೆ ಹೋಗಿ ಇನ್ನೂ ಒಳ್ಳೆಯ ಬೆಲ್ಲ ತಂದು, ಒಂದೊಂದೇ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ ತೂಗಿದ. ಆಮೇಲೆ ತನ್ನ ಅಂಗಡಿಯ ಹೆಸರು ಅಚ್ಚಾಗಿದ್ದ ಕೈಚೀಲವನ್ನು ಬದಿಗಿಟ್ಟು, ರಸ್ತೆ ದಾಟಿ ಎದುರಂಗಡಿಗೆ ಹೋಗಿ, ಎದುರಂಗಡಿಯ ಹೆಸರಿದ್ದ ಕೈಚೀಲ ಇಸಕೊಂಡು ಬಂದು, ಅದರಲ್ಲಿ ಹಾಕಿಕೊಟ್ಟ.

ರಾಮನಗರ: ನೀವು ಮೊದಲು

ರಾಗಿ ಬೀಸಿಸಲು ನನ್ನನ್ನು ಒಬ್ಬನನ್ನೇ ಕಳಿಸಿದರು. ಪೇಟೆಯ ಓಣಿಯಲ್ಲಿ ಹಿಟ್ಟಿನ ಮಿಲ್ಲು. ಇದರಲ್ಲಿ ತಪ್ಪು ಮಾಡಲು ಏನಿದೆ ಎಂದು ಅತ್ತಿಗೆ ಹೇಳಿದ್ದು ನನಗೆ ಕೇಳಿಸಿತ್ತು.

ಮಿಲ್ಲಿನಲ್ಲಿ ಅವತ್ತು ಒಂದು ಯಂತ್ರ ಕೆಟ್ಟು ನಿಂತಿತ್ತು. ಎಲ್ಲವನ್ನೂ ಇನ್ನೊಂದರಲ್ಲೇ ಬೀಸುತ್ತಿದ್ದರು. ಉದ್ದನೆಯ ಸಾಲು. ನಾನು ಕೊನೆಯಲ್ಲಿ ನಿಂತೆ. ಮುಂದೆ ಒಬ್ಬ ಹೆಂಗಸು ಒಣಮೆಣಸಿನಕಾಯಿ ಪುಡಿ ಮಾಡಿಸಿಕೊಂಡು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಟುಹೋದಳು. ಸಾಲು ಮುಂದೆ ಸರಿಯಬೇಕಿತ್ತು, ಸರಿಯಲಿಲ್ಲ. ಮುಂದಿದ್ದವರು ಚೀಲದ ಬಾಯಿ ಬಿಚ್ಚಿ ಮತ್ತೆ ಕಟ್ಟತೊಡಗಿದರು. ಅವರ ಹಿಂದಿನವರಿಗೆ ಫೋನು ಬಂತು. ಇನ್ನೊಬ್ಬರು ಗೋಧಿಯಲ್ಲಿ ಕಲ್ಲು ಹುಡುಕುತ್ತ ಕೂತರು. ಆಮೇಲೆ ಒಬ್ಬ ತಾಯಿ ಹಿಂದಕ್ಕೆ ತಿರುಗಿ ನನ್ನನ್ನು ನೋಡಿ, "ನೀವು ಬನ್ನಿ ಸಾ, ದೂರದಿಂದ ಬಂದಂಗದೆ, ನೀವು ಮೊದ್ಲು ಹಾಕಿ" ಎಂದರು. ಹೌದು ಹೌದು ಎಂದು ಇಡೀ ಸಾಲು ದಾರಿ ಬಿಟ್ಟಿತು.

ನನ್ನ ಎದೆ ತುಂಬಿ ಬಂತು. ಮನುಷ್ಯ ತನ್ನ ಲಾಭಕ್ಕಲ್ಲದೆ ಬೆರಳೂ ಎತ್ತುವುದಿಲ್ಲ ಎಂದು ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಇಲ್ಲಿ ಗುರುತು ಪರಿಚಯವಿಲ್ಲದವನಿಗೆ ಇಷ್ಟು ಜನ ತಮ್ಮ ಸರದಿ ಬಿಟ್ಟುಕೊಡುತ್ತಿದ್ದಾರೆ. ಪಾಠ ತಿದ್ದಿಕೊಳ್ಳಬೇಕು ಎಂದುಕೊಂಡೆ. ಎಲ್ಲರಿಗೂ ಕೈಮುಗಿದು ಮುಂದೆ ಹೋದೆ. ಮಿಲ್ಲಿನವರು ಒಂದು ಸಲ ನನ್ನನ್ನು, ಒಂದು ಸಲ ಸಾಲನ್ನು ನೋಡಿ, ಹಾಕ್ಲಾ ಎಂದರು. ಹಾಕಿ ಎಂದೆ.

ಸಂಜೆ ಅತ್ತಿಗೆ ಹಿಟ್ಟು ನೋಡಲೆಂದು ಒಂದು ಮುದ್ದೆ ಕಟ್ಟಿದರು. ಷಡ್ಡಕರು ಮುರಿದು, ಸಾರಿಗೆ ಅದ್ದಿ, ನುಂಗಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಿವಿ ಕೆಂಪಾಯಿತು. ಕಣ್ಣಿನಲ್ಲಿ ನೀರು ಬಂತು. ಮೆಣಸಿನಕಾಯಿ ಬೀಸಿದ ಮೇಲೆ ಮೊದಲು ಹಾಕುವವನ ಹಿಟ್ಟಿನಲ್ಲಿ ಕಲ್ಲಿಗೆ ಅಂಟಿದ ಖಾರವೆಲ್ಲ ಬರುತ್ತದೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತಂತೆ. ಇಡೀ ಸಾಲು ಬಲಿಗೊಬ್ಬನನ್ನು ಕಾಯುತ್ತಿತ್ತು.

ನನ್ನ ಅರ್ಥಶಾಸ್ತ್ರ ಉಳಿಯಿತು. ರಾಗಿ ಹಾಳಾಯಿತು.

ಅತ್ತಿಗೆ ಹಿಟ್ಟಿನ ಡಬ್ಬಿಗೆ ಮುಚ್ಚಳ ಹಾಕಿ ನನ್ನ ಮುಂದೆ ತಂದಿಟ್ಟರು. ಷಡ್ಡಕರು ಎರಡು ಚೊಂಬು ನೀರು ಕುಡಿದು, ನನ್ನ ಮರ್ಯಾದೆ ಉಳಿಸಲು ನೋಡಿದರು. "ಒಂದ್ ಲೆಕ್ಕಕ್ಕೆ ಒಳ್ಳೇದೇ ಆಯ್ತು ಬುಡು. ಈ ಮುದ್ದೆಗೆ ಸಾರೇ ಬ್ಯಾಡ."

ಮರುದಿನ ಹೆಂಡತಿಯೇ ಹೊಸ ರಾಗಿ ತೆಗೆದುಕೊಂಡು ಮಿಲ್ಲಿಗೆ ಹೋದಳು. ಅಕ್ಕಿ ಹಾಕಿಸಿದವರ ಹಿಂದೆ ನಿಂತಳು.

ಭಾನುವಾರ

ಬೀಗರು ಒಂದು ವ್ಯಾನಿನಲ್ಲಿ ಬಂದಿಳಿದರು. ಅಜ್ಜಿ ಕೊನೆಯಲ್ಲಿ ಇಳಿದರು. ನಾನು ಆಜಾನುಬಾಹುವನ್ನು ಕಲ್ಪಿಸಿಕೊಂಡಿದ್ದೆ. ನೋಡಿದರೆ ಅಂಗೈಯಗಲದ ಮುಖದ, ಕಡ್ಡಿಯಂಥ ಮುದುಕಿ. ಮನೆಯನ್ನು, ಶಾಮಿಯಾನವನ್ನು, ನನ್ನನ್ನು ಒಂದೇ ನೋಟದಲ್ಲಿ ನೋಡಿ ಮುಗಿಸಿ ಎಲೆಯ ಮುಂದೆ ಕೂತರು.

ಅತ್ತಿಗೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತರು. ಆ ಒಂದು ಮಾತಿಗೆ ಕಿವಿಗೊಟ್ಟು. ಒಂದು ಊಟದ ಬಗ್ಗೆ, ಅದೂ ನಾನು ತಿನ್ನದ ಊಟದ ಬಗ್ಗೆ, ನನಗೆ ಇಷ್ಟು ಆತಂಕವಾಗುವುದು ತರ್ಕಕ್ಕೆ ಸಿಗುವುದಿಲ್ಲ. ಆದರೂ ಬಡಿಸುವ ನೆಪದಲ್ಲಿ ನೀರಿನ ಜಗ್ಗು ಹಿಡಿದು ಅಜ್ಜಿಯ ಎದುರಿಗೇ ಸುಳಿದಾಡಿದೆ.

ಗಂಡಿನ ಅಪ್ಪ ಎರಡನೆಯ ಮುದ್ದೆ ಹಾಕಿಸಿಕೊಂಡು, ಖಾರ ಒಸಿ ಮುಂದಾಯ್ತು ಎಂದರು. ಚಿಕ್ಕಪ್ಪ ಮೂಳೆ ಚೀಪುತ್ತ, ಇನ್ನೊಂದು ಕುದಿ ಬರಬೇಕಿತ್ತು ಎಂದರು. ಅತ್ತೆಯೊಬ್ಬರು ಮೂರನೆಯ ಸಲ ಶಾವಿಗೆಗೆ ಎಲೆ ಒಡ್ಡಿ, ಕಾಯಿಹಾಲು ತೆಳ್ಳಗಾಗೈತೆ ಎಂದರು. ಒಬ್ಬರೂ ಬೇಡ ಎನ್ನಲಿಲ್ಲ, ಒಬ್ಬರೂ ಚೆನ್ನಾಗಿದೆ ಎನ್ನಲಿಲ್ಲ. ಅಜ್ಜಿ ಮುದ್ದೆ ಮುರಿದರು, ಅದ್ದಿದರು, ನುಂಗಿದರು. ಎಲೆ ತೊಳೆದಿಟ್ಟ ಹಾಗಾಯಿತು. ಆಮೇಲೆ ಎದ್ದು, ಬಾಗಿಲ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಉಪ್ಪು ಒಂದ್ ಚೂರು ಕಮ್ಮಿ ಕಣವ್ವ" ಎಂದರು.

ಬಾಗಿಲ ಮರೆಯಲ್ಲಿ ಅತ್ತಿಗೆಯ ಬಳೆ ಸದ್ದು ನಿಂತುಹೋಯಿತು.

ನಾನು ಹಿತ್ತಲಲ್ಲಿ ಅಜ್ಜಿಯ ಕೈಗೆ ನೀರು ಹಾಕುತ್ತಿದ್ದೆ. ಅವರು ಆಚೀಚೆ ನೋಡಿ ನನ್ನ ತೋಳು ಹಿಡಿದು ಬಗ್ಗಿಸಿದರು.

"ನೀನು ಕೋಳಿ ತಿನ್ನಾಕಿಲ್ವಂತೆ, ಅಲ್ವೇನಪ್ಪ? ತಿನ್ನದೋರು ಆಡ್ಕಣದಿಲ್ಲ. ಒಂದು ಕ್ಯಾರಿಯರಲ್ಲಿ ಒಸಿ ಸಾರು ಹಾಕ್ಕೊಡು. ಯಾರ್ಗೂ ಹೇಳ್ಬ್ಯಾಡ."

ನಾನು ಮಾತು ಕೊಟ್ಟೆ. ಅತ್ತಿಗೆ ಜಗಲಿಯಲ್ಲಿ ಬೀಗಿತ್ತಿಯರಿಗೆ ಎಲೆಅಡಿಕೆ ಕೊಡುತ್ತಿದ್ದರು. ಸದ್ದಿಲ್ಲದೆ ಅಡುಗೆಮನೆಗೆ ಹೋದೆ. ಅಲ್ಲಿ ಸಾರಿನ ಪಾತ್ರೆಯ ಮುಂದೆ ನನ್ನ ಹೆಂಡತಿ ಕ್ಯಾರಿಯರ್ ಹಿಡಿದು ನಿಂತಿದ್ದಳು.

ಯಾರಿಗೆ ಎಂದು ಕೇಳಿದೆ. ಹೇಳಬಾರದಂತೆ ಎಂದಳು. ನಿಮ್ಮದು ಯಾರಿಗೆ ಎಂದಳು. ನನ್ನದೂ ಹೇಳಬಾರದಂತೆ ಎಂದೆ. ಇಬ್ಬರೂ ಒಂದೇ ಸೌಟಿನಲ್ಲಿ ಸರದಿಯ ಮೇಲೆ ತುಂಬಿಕೊಳ್ಳುತ್ತಿದ್ದಾಗ ಷಡ್ಡಕರು ಬೆಕ್ಕಿನ ಹೆಜ್ಜೆಯಲ್ಲಿ ಒಳಬಂದರು. ಅವರ ಎರಡೂ ಕೈಯಲ್ಲಿ ಡಬ್ಬಿ, ಕಂಕುಳಲ್ಲಿ ಇನ್ನೂ ಎರಡು. ನಮ್ಮನ್ನು ನೋಡಿ ನಿಂತರು. ನಾನು ಸೌಟು ಅವರಿಗೆ ಕೊಟ್ಟೆ.

ವ್ಯಾನು ಹೊರಟಿತು. ಬೀಗರೆಲ್ಲ ಮಡಿಲ ಮೇಲೆ ಟವೆಲು, ಶಾಲು, ಸೆರಗು ಹೊದಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ, ಬಹಳ ನೆಟ್ಟಗೆ ಕೂತಿದ್ದರು. ಓಣಿಯ ತುದಿಯಲ್ಲಿ ಹಂಪ್ ಬಂತು. ವ್ಯಾನು ಎಗರಿತು. ಒಳಗಿದ್ದವರೆಲ್ಲ ಒಟ್ಟಿಗೇ, ಎರಡೂ ಕೈಯಲ್ಲಿ, ತಂತಮ್ಮ ಮಡಿಲು ಅಪ್ಪಿ ಹಿಡಿದರು.

ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮುಖ ಬಿಳಿಚಿತು. "ಅಯ್ಯೋ ಶಿವನೇ, ಎಲ್ರೂ ಹೊಟ್ಟೆ ಹಿಡ್ಕಂಡವ್ರೆ. ಏನಾರಾ ಆಗ್ಬುಡ್ತಾ?"

ಏನೂ ಆಗಿಲ್ಲ ಎಂದು ನಾವು ಮೂವರೂ ಒಟ್ಟಿಗೇ ಹೇಳಿದೆವು. ಹೇಗೆ ಗೊತ್ತು ಎಂದು ಕೇಳಿದರೆ ಹೇಳುವ ಹಾಗಿರಲಿಲ್ಲ.

ಒಳಗೆ ಹೋಗಿ ಅತ್ತಿಗೆ ಮುಚ್ಚಳ ತೆಗೆದರು. ಸಾರಿನ ಪಾತ್ರೆ ಬರಿದಾಗಿತ್ತು. ಮನೆಯವರು ಇನ್ನೂ ಉಂಡಿರಲಿಲ್ಲ. ಶಾಮಿಯಾನ ಬಿಚ್ಚಿಸಿ, ಪಾತ್ರೆ ತೊಳೆದ ಮೇಲೆ, ನನಗೆಂದು ಕೋಳಿ ಹಾಕದೆ ಬೇರೆ ಮಾಡಿದ್ದ ಅವರೆಕಾಳಿನ ಸಾರಿನ ಪುಟ್ಟ ಪಾತ್ರೆಯ ಸುತ್ತ ಎಲ್ಲರೂ ಕೂತೆವು. ಅತ್ತಿಗೆ ತಟ್ಟೆಗೆ ಕೈಯೇ ಹಾಕಲಿಲ್ಲ. ಇಷ್ಟು ಊರು ಅಲೆದು ತಂದಿದ್ದು, ಇಷ್ಟು ಮಾಡಿದ್ದು, ಒಂದು ಮಾತು, ಬಾಯ್ಮಾತಿಗಾದರೂ ಅನ್ನಲಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡರು. ನಾನು ಹೆಂಡತಿಯನ್ನು ನೋಡಿದೆ. ಹೆಂಡತಿ ಷಡ್ಡಕರನ್ನು ನೋಡಿದಳು. ಷಡ್ಡಕರು ಚಾವಣಿ ನೋಡಿದರು. ಯಾರಿಗೂ ಹೇಳುವುದಿಲ್ಲ ಎಂದು ಮೂವರೂ ಮಾತು ಕೊಟ್ಟಿದ್ದೆವು.

ಆಗ ಅತ್ತಿಗೆಗೆ ಫೋನು ಬಂತು. ಅಜ್ಜಿ. ಫೋನಿನ ಮೇಲೆ ನಂಬಿಕೆಯಿಲ್ಲದೆ ಬೈರಮಂಗಲದಿಂದ ನೇರವಾಗಿಯೇ ಕೂಗುತ್ತಿದ್ದರು, ನಮಗೆಲ್ಲ ಕೇಳಿಸಿತು.

"ಏನವ್ವ, ನಿಮ್ಮನೇಲಿ ಒಂದು ನೆಟ್ಟಗಿರೋ ಕ್ಯಾರಿಯರ್ ಇಲ್ವಾ? ಮುಚ್ಚಳ ಕೂರಾಕಿಲ್ಲ, ಏನಿಲ್ಲ. ಅರ್ಧ ಸಾರು ದಾರೀಲೇ ಸೀರೆ ಮೇಲೆ ಚೆಲ್ಲೋಯ್ತು. ಮನೇಗ್ ಬಂದು ನೋಡಿದ್ರೆ ಎಲ್ರ ಮಡಿಲಲ್ಲೂ ಒಂದೊಂದು. ನಂದೇ ಎಲ್ಲಕ್ಕಿಂತ ಚಿಕ್ಕದು. ನಂಗೊಬ್ಳಿಗೇ ಸಾಕಾಗ್ಲಿಲ್ಲ. ಯಾರವನು ಹಾಕ್ಕೊಟ್ಟೋನು, ಆ ಮೇಷ್ಟ್ರು, ಅಳತೆ ಗೊತ್ತಿಲ್ಲ ಅವ್ನಿಗೆ. ಇನ್ನೊಂದ್ಸಲ ನೀನೇ ಹಾಕ್ಕೊಡು."

ಅತ್ತಿಗೆ ಹ್ಞೂಂ ಅವ್ವ, ಆಯ್ತವ್ವ ಎಂದರು. ಫೋನು ಇಟ್ಟರು. ನನ್ನನ್ನು, ತಂಗಿಯನ್ನು, ಗಂಡನನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡು, ಮುದ್ದೆ ಮುರಿಯುತ್ತ, ಬಹಳ ಗಂಭೀರವಾಗಿ ಹೇಳಿದರು:

"ಚೆನ್ನಾಗಿತ್ತಂತೆ."